ಎರಡು ಕಾರ್ಬುರೇಟರ್ ಹೊಂದಿಸಲು ಯಾವುದು ಬೇಕು: ಪೈಪೋ, ಮೀಟರೋ?

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆಯ ಶೆಡ್‌ನಲ್ಲಿರುವುದು 1965ರ ಎಂಜಿಬಿ, ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು. 1798 ಸಿಸಿ ಎಂಜಿನ್, ಎರಡು ಎಸ್‌ಯು ಎಚ್‌ಎಸ್4 ಕಾರ್ಬುರೇಟರ್. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕೊಡುವುದು ಇವುಗಳ ಕೆಲಸ. ಮುಂದಿನದು ಮೊದಲ ಎರಡು ಸಿಲಿಂಡರ್‌ಗೆ, ಹಿಂದಿನದು ಉಳಿದೆರಡಕ್ಕೆ. ಎರಡೂ ಒಂದೇ ಸಮ ಗಾಳಿ ಎಳೆಯಬೇಕು. ಕಳೆದ ಮಳೆಗಾಲ ಮುಗಿದಾಗ ನನ್ನ ಗಾಡಿಯಲ್ಲಿ ಅದು ತಪ್ಪಿತ್ತು. ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತಿತ್ತು. ಹಾಗಾಗಿ ಒಂದೊಂದು ಭಾನುವಾರ ಒಂದೊಂದು ವಿಧಾನ ಮಾಡಿ ನೋಡಿದೆ.

ವಿಜಯಪುರದ ಕಡೆಯ ಮೆಕ್ಯಾನಿಕ್ ಕಾಕಾ ಜೊತೆಗಿದ್ದರು. ವಾಲ್ವ್ ಗ್ಯಾಪ್, ಕಿಡಿ ಹೊತ್ತಿಸುವ ಪಾಯಿಂಟ್‌ನ ಗ್ಯಾಪ್ 0.015 ಇಂಚು, ಕಿಡಿಯ ಟೈಮಿಂಗ್, ಇಷ್ಟು ಆದ ಮೇಲೇ ಅವರು ಕಾರ್ಬುರೇಟರ್ ಮುಟ್ಟಲು ಬಿಟ್ಟದ್ದು. ಎಂಜಿನ್ ಚೆನ್ನಾಗಿ ಬಿಸಿಯಾಗಿತ್ತು. ಏರ್ ಫಿಲ್ಟರ್ ತೆಗೆದೆವು. "ಮೊದಲ ಲಿಂಕ್ ಸಡಿಲ ಮಾಡ್ರಿ ಸರ. ಕಾಲು ಕಟ್ಟಿ ಇಬ್ಬರನ್ನ ಓಡಿಸಿದ್ರ ಯಾರು ಕುಂಟತಾರ ಅಂತ ಹೆಂಗ ಗೊತ್ತಾಗತೈತಿ?" ಅಂದರು. ಲಿಂಕ್ ಅಂದರೆ ಎರಡೂ ಕಾರ್ಬುರೇಟರ್ ಒಟ್ಟಿಗೆ ತೆರೆಯುವಂತೆ ಜೋಡಿಸುವ ಕಡ್ಡಿ.

ಅವರ ಉಪಕರಣ ಎರಡು ಅಡಿ ರಬ್ಬರ್ ಪೈಪ್, ಅಷ್ಟೇ. ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬುರೇಟರ್ ಬಾಯಿಗೆ. ಎರಡೂ ಕಡೆ ಒಂದೇ ಜಾಗದಲ್ಲಿ ಹಿಡಿಯಬೇಕು, ಸ್ವಲ್ಪ ಸರಿದರೂ ಸದ್ದು ಬದಲಾಗುತ್ತದೆ. ಮೊದಲ ದಿನ ನನಗೆ ಏನೂ ತಿಳಿಯಲಿಲ್ಲ. ಎರಡನೇ ಭಾನುವಾರ ಕಿವಿ ಪಳಗಿತು. ಹಿಂದಿನದು ಜೋರಾಗಿ ಬುಸುಗುಡುತ್ತಿತ್ತು, ಮುಂದಿನದು ಮೆಲ್ಲಗೆ. ಐಡಲ್ (ಆಕ್ಸಿಲರೇಟರ್ ಒತ್ತದಿದ್ದಾಗಿನ ವೇಗ) ಸ್ಕ್ರೂ ಕಾಲು ಸುತ್ತು ತಿರುಗಿಸಿದ್ದೇ ತಡ, ಎರಡೂ ಒಂದೇ ದನಿಗೆ ಬಂದವು. ಐಡಲ್‌ಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ.

ಗಾಜಿನ ಕೊಳವೆಯೊಳಗೆ ಪುಟ್ಟ ತೇಲು ಇರುವ ಮೀಟರ್ ನನಗೆ ಹಿಡಿಸಲಿಲ್ಲ. ಅದನ್ನು ಒತ್ತಿದ ಕೂಡಲೇ ಗಾಳಿಯ ದಾರಿ ಕಟ್ಟುತ್ತದೆ, ಎಂಜಿನ್ ಕುಗ್ಗುತ್ತದೆ. ಅಳೆಯಲು ಹೋಗಿ ಅಳತೆಯನ್ನೇ ಕೆಡಿಸಿದಂತೆ. ಕೊಳವೆ ನೆಟ್ಟಗೆ ನಿಲ್ಲಬೇಕು ಬೇರೆ.

ಇನ್ನೊಂದು ವಿಧಾನ ವ್ಯಾಕ್ಯೂಮ್ ಗೇಜ್, ಅಂದರೆ ಎಂಜಿನ್‌ನ ಸೆಳೆತ ಅಳೆಯುವ ಮೀಟರ್. ಅದರ ಜೋಡಿಗಾಗಿ ಕಾಕಾ, ಕಾರ್ಬುರೇಟರ್‌ನಿಂದ ಎಂಜಿನ್‌ಗೆ ಗಾಳಿ ಒಯ್ಯುವ ಒಂದು ಹಳೆಯ ಮ್ಯಾನಿಫೋಲ್ಡ್‌ಗೆ ಎರಡು ತೂತು ಕೊರೆದು ಕೊಟ್ಟರು. ಅದನ್ನು ಕೂರಿಸಿ, ಬೇಕಂತಲೇ ಒಂದು ಸ್ಕ್ರೂ ಅರ್ಧ ಸುತ್ತು ತಿರುಗಿಸಿದೆ. ಎರಡೂ ಮುಳ್ಳು ಒಟ್ಟಿಗೇ ಇಳಿದವು! ಈ ಮ್ಯಾನಿಫೋಲ್ಡ್‌ನಲ್ಲಿ ಎರಡು ಬದಿಯನ್ನೂ ಜೋಡಿಸುವ ಒಂದು ಬ್ಯಾಲೆನ್ಸ್ ಪೈಪ್ ಇದೆ. ಒಂದು ಕಡೆಯ ಏರುಪೇರು ಇನ್ನೊಂದು ಕಡೆಗೂ ಹಂಚಿಹೋಗುತ್ತದೆ. ಸಿಲಿಂಡರ್‌ಗೊಂದು ಕಾರ್ಬುರೇಟರ್ ಇರುವ ಬೈಕ್‌ಗೆ ಗೇಜ್ ಒಳ್ಳೆಯದು. ಇಂಥ ಕಾರಿಗೆ ಸುಮ್ನೆ ದುಡ್ಡು ಹಾಕಬೇಡಿ.

ನನ್ನ ಮನಸ್ಸು ಗೆದ್ದದ್ದು ಮುಳ್ಳಿನ ಸಿಂಕ್ರೋಮೀಟರ್. ಗಂಟೆಗೆ ಎಷ್ಟು ಕೆಜಿ ಗಾಳಿ ಎಂದು ತೋರಿಸುತ್ತದೆ, ಎಂಜಿನ್ ಅಷ್ಟಾಗಿ ಕುಗ್ಗುವುದಿಲ್ಲ. ಐಡಲ್‌ನಲ್ಲಿ ಪೈಪ್ ಹೇಳಿದ್ದನ್ನೇ ಇದೂ ಹೇಳಿತು. ವ್ಯತ್ಯಾಸ ಗೊತ್ತಾದದ್ದು ಲಿಂಕ್ ಬಿಗಿದ ಮೇಲೆ. 1500 ಆರ್‌ಪಿಎಮ್‌ಗೆ ಏರಿಸಿದಾಗ ಸದ್ದಿನ ನಡುವೆ ಕಿವಿ ಸೋಲುತ್ತದೆ. ಮುಂದಿನದು ಕೂದಲೆಳೆಯಷ್ಟು ಮೊದಲೇ ತೆರೆಯುತ್ತಿದೆ ಎಂದು ಮುಳ್ಳು ತೋರಿಸಿತು. ಲಿಂಕ್‌ನ ಕ್ಲಾಂಪ್ ಸಡಿಲಿಸಿ ಮತ್ತೆ ಬಿಗಿದೆವು. ಆಕ್ಸಿಲರೇಟರ್ ಒತ್ತಿದಾಗ ಆಗುತ್ತಿದ್ದ ಜಗ್ಗಾಟ ಹೋಯಿತು.

ಪೆಟ್ರೋಲ್ ಮಿಶ್ರಣಕ್ಕೆ ಇವು ಯಾವುದೂ ಬೇಡ. ಕಾರ್ಬುರೇಟರ್ ಪಕ್ಕದ ಪಿನ್ ಒತ್ತಿ ಅದರೊಳಗಿನ ಪಿಸ್ಟನ್ ಒಂದು ಮಿಲಿಮೀಟರ್‌ಗಿಂತ ಕಡಿಮೆ ಎತ್ತಿ. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಎಂಜಿನ್ ಸತ್ತರೆ ಕಡಿಮೆ. ಒಂದು ಕ್ಷಣ ಏರಿ ಮತ್ತೆ ಕೂತರೆ ಸರಿ. ಈಗಿನ 20 ಪರ್ಸೆಂಟ್ ಎಥೆನಾಲ್ ಪೆಟ್ರೋಲ್‌ಗೆ ನಾನು ಜೆಟ್ (ಪೆಟ್ರೋಲ್ ಬರುವ ರಂಧ್ರ) ನಟ್ ಅನ್ನು ಅದರ ಆರು ಮಗ್ಗುಲಲ್ಲಿ ಒಂದು ಮಗ್ಗುಲಷ್ಟು ತಿರುಗಿಸಿ ಕೆಳಗಿಳಿಸಿದೆ, ಅಂದರೆ ಪೆಟ್ರೋಲ್ ಸ್ವಲ್ಪ ಹೆಚ್ಚು.

ಆದರೂ ಒಂದು ಕಾಟ ಉಳಿದಿತ್ತು. ಥ್ರಾಟಲ್ (ಗಾಳಿ ಬಿಡುವ ತಟ್ಟೆ) ಬಿಟ್ಟಾಗಲೆಲ್ಲ ಹಿಂದಿನ ಕಾರ್ಬುರೇಟರ್‌ಗೆ ಇಟ್ಟ ಮೀಟರ್‌ನ ಮುಳ್ಳು ಬೇರೆ ಬೇರೆ ಕಡೆ ನಿಲ್ಲುತ್ತಿತ್ತು. ಆ ತಟ್ಟೆ ತಿರುಗುವ ಕಡ್ಡಿ, ಅಂದರೆ ಸ್ಪಿಂಡಲ್‌ನ ತುದಿಗೆ ಕಾರ್ಬುರೇಟರ್ ಕ್ಲೀನರ್ ಒಂದೇ ಒಂದು ಚಿಮುಕು ಹೊಡೆದೆ. ಎಕ್ಸಾಸ್ಟ್ ಅದೇ ಬದಿಗೆ ಇರುವುದರಿಂದ ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ಎಂಜಿನ್ ಸದ್ದು ತಕ್ಷಣ ಬದಲಾಯಿತು. ಸವೆದ ಸ್ಪಿಂಡಲ್ ಪಕ್ಕದಿಂದ ಗಾಳಿ ನುಗ್ಗುತ್ತಿತ್ತು. ಕಾಕಾ ಹೊಸ ಸ್ಪಿಂಡಲ್, ಬುಶ್ ಕೂರಿಸಿದರು. ಆಮೇಲೆ ಆರು ಸಲ ಥ್ರಾಟಲ್ ಒತ್ತಿ ಬಿಟ್ಟೆ. ಆರು ಸಲವೂ ಮುಳ್ಳು ಅದೇ ಗೆರೆಗೆ ಬಂದು ನಿಂತಿತು.