ಬಾಡಿಗೆ ಗಾಡಿಯ ಬಾಡಿಗೆ ಬೆಡ್ ಲೈನರ್: ಎರಡೂವರೆ ವರ್ಷ ಬಳಸಿದ ಮೇಲೆ

ನಮ್ಮದು ಶ್ರೀನಿವಾಸಪುರದ ಕಡೆ ಹಳ್ಳಿ. ಗಾಡಿ 2018ರ ಜನವರಿಯಲ್ಲಿ ತಗೊಂಡ ಬಿಳಿ ಬೊಲೆರೋ ಪಿಕಪ್. ವರ್ಷದಲ್ಲಿ ಹೆಚ್ಚು ದಿನ ಕೋಲಾರ ಎಪಿಎಂಸಿಗೆ ಟೊಮೆಟೊ, ಮೇ ತಿಂಗಳಿಂದ ಮಾವು, ಮಧ್ಯೆ ಗೊಬ್ಬರ, ಬೂಸಾ, ಒಮ್ಮೊಮ್ಮೆ ಮದುವೆ ಮನೆಯ ಪಾತ್ರೆ. ಬಾಡಿಗೆಗೆ ಓಡೋ ಗಾಡಿ, ಏನು ಹೇಳಿದರೂ ಹೊರಬೇಕು. ಇದರ ಹಿಂದೆ ಲೋಡ್ ತುಂಬೋ ಬಾಡಿಯ ಒಳಮೈಗೆ 2023ರ ಫೆಬ್ರವರಿಯಲ್ಲಿ ನಾನೇ ರೋಲರ್ ಹಿಡಿದು ಬೆಡ್ ಲೈನರ್ ಕೋಟಿಂಗ್, ಅಂದರೆ ತುಕ್ಕು, ಗೀರು ತಡೆಯೋ ಒರಟು ಪದರ, ಹೊಡೆದೆ. ಕಂಪನಿ ಹೆಸರು ಬರೆಯುತ್ತಿಲ್ಲ. ಈ ಥರದ ಎರಡು ಡಬ್ಬ ಕಲಸಿ ಬಳಿಯೋ ಪಾಲಿಯುರೆಥೇನ್ ಸರಕು ಬೇರೆ ಬೇರೆ ಹೆಸರಲ್ಲಿ ಸಿಗುತ್ತೆ. ನನ್ನ ತಕರಾರು ಡಬ್ಬದ ಮೇಲೆ ಕಡಿಮೆ, ನನ್ನ ಮೇಲೆಯೇ ಜಾಸ್ತಿ.

ಮೊದಲು ಹಳೆಯ ಪಾಪ ಹೇಳಿಬಿಡುತ್ತೇನೆ. 2022ರ ಜನವರಿಗೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನೋ ಫಿಟ್ನೆಸ್ ಸರ್ಟಿಫಿಕೇಟ್) ಇತ್ತು. ಎಫ್‌ಸಿಗೆ ಮುಂಚೆ ಗಾಡಿಗೆ ಬಣ್ಣ ಹೊಡೆಸೋದು ನಮ್ಮ ಕಡೆ ಹಬ್ಬಕ್ಕೆ ಮನೆಗೆ ಸುಣ್ಣ ಬಳಿದ ಹಾಗೆ. 2021ರ ನವೆಂಬರ್ ಮಳೆ ನಿಮಗೆ ನೆನಪಿರಬಹುದು. ಕೆರೆಗಳೆಲ್ಲ ಕೋಡಿ ಹೋಗಿದ್ದವು, ಹೊಲದಲ್ಲಿ ಪೈರು ಕೊಳೆತಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ಮೇಸ್ತ್ರಿಗೆ ಯಾಕೆ ಕೊಡಬೇಕು, ನಾವೇ ಹೊಡೆಯೋಣ ಅಂತ ನಾನು, ನನ್ನ ಬಾಮೈದ ಸೇರಿ ತೀರ್ಮಾನ ಮಾಡಿದೆವು. ಅವನು ಮೊಬೈಲಲ್ಲಿ ನಾಲ್ಕು ವಿಡಿಯೋ ನೋಡಿದ್ದ, ಅದೇ ನಮ್ಮ ಬಂಡವಾಳ.

ಡಿಸೆಂಬರ್‌ನಲ್ಲಿ ಒಂದು ಸಂಜೆ ಶುರು ಮಾಡಿದೆವು. ತುಕ್ಕನ್ನು ಮೇಲಮೇಲೆ ಕೆರೆದು ರೆಡ್ ಆಕ್ಸೈಡ್ ಬಳಿದೆವು. ಉಳಿದ ಕಡೆ ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಬಿಳಿ ಎನಾಮಲ್ ಹೊಡೆದು ಮಲಗಿದೆವು. ಬೆಳಗ್ಗೆ ನೋಡಿದರೆ ಇಬ್ಬನಿ ಬಿದ್ದು ಹೊಳಪೆಲ್ಲ ಹೋಗಿ ಬೂದಿ ಬಳಿದ ಹಾಗಿತ್ತು. ಅದು ಸಾಲದು ಅಂತ ಪಕ್ಕದ ಕಣದಲ್ಲಿ ರಾಗಿ ತೂರುತ್ತಿದ್ದರು. ಹೊಟ್ಟೆಲ್ಲ ಬಂದು ನಮ್ಮ ಬಾಗಿಲಿಗೇ ಅಂಟಿತ್ತು. ಅಲ್ಲಿಗೇ ಬಿಡಬೇಕಿತ್ತು. ಬಿಡಲಿಲ್ಲ. ಮಂಕಾದದ್ದನ್ನು ಮುಚ್ಚೋಣ ಅಂತ ಅದೇ ಎನಾಮಲ್ ಮೇಲೆ ಡ್ಯೂಕೋ (ಗಾಡಿಗೆ ಹೊಡೆಯೋ, ಬೇಗ ಒಣಗೋ ಬಣ್ಣ) ಸ್ಪ್ರೇ ಮಾಡಿದೆವು. ಹತ್ತು ನಿಮಿಷದಲ್ಲಿ ಬಣ್ಣ ಸುಕ್ಕುಗಟ್ಟಿತು. ಕಾದ ಹಾಲು ಆರುವಾಗ ಕೆನೆ ಮಡಿಕೆ ಮಡಿಕೆಯಾಗುತ್ತಲ್ಲ, ಹಾಗೆ. ಡ್ಯೂಕೋದ ತಿನ್ನರ್ ತುಂಬಾ ಜೋರು, ಕೆಳಗೆ ಪೂರ್ತಿ ಒಣಗದ ಎನಾಮಲ್ ಇದ್ದರೆ ಅದನ್ನು ಊದಿಸಿ ಎಬ್ಬಿಸುತ್ತೆ. ಇದನ್ನು ಹೇಳಿದ್ದು ಆಮೇಲೆ ನಾವು ತಲೆ ತಗ್ಗಿಸಿಕೊಂಡು ಹೋದ ಪೇಂಟರ್ ಮೇಸ್ತ್ರಿ. ಉಗುರಲ್ಲಿ ಒಂದು ಸಲ ಕೆರೆದು, "ಬಣ್ಣ ಹೊಡೆಯೋಕೆ ಬಂದಿದ್ದೀಯೋ, ಹಪ್ಪಳ ಹಾಕೋಕೆ ಬಂದಿದ್ದೀಯೋ ಅಪ್ಪಾ?" ಅಂದರು. ನಮ್ಮ ಕೆಲಸ ಕಿತ್ತು ಹಾಕಲು ಒಂದು ಲೆಕ್ಕ, ಹೊಸದಾಗಿ ಹೊಡೆಯಲು ಇನ್ನೊಂದು ಲೆಕ್ಕ. ಉಳಿಸಿದ ದುಡ್ಡಿನ ಎರಡರಷ್ಟು ಹೋಯಿತು.

ಅದಾದ ಮೇಲೆ ಒಳಗಿನ ಬಾಡಿ ಕಾಪಾಡೋಣ ಅಂತ ಕಪ್ಪು ಪ್ಲಾಸ್ಟಿಕ್ ಲೈನರ್ ಹಾಕಿಸಿದೆ. ತೊಟ್ಟಿಯ ಹಾಗೆ ಅಚ್ಚು ಹೊಡೆದು ಬರುತ್ತೆ, ತಂದು ಒಳಗೆ ಕೂರಿಸಿ ಸ್ಕ್ರೂ ಹೊಡೆಯೋದು. ಒಂದು ಗಂಟೆ ಕೆಲಸ, ನೋಡೋಕೂ ಚಂದ. ಮೊದಲ ವಾರವೇ ಗೊತ್ತಾಯಿತು, ಅದರ ಮೇಲೆ ಕ್ರೇಟ್ ನಿಲ್ಲೋದಿಲ್ಲ. ಹಂಪ್ ಹತ್ತಿ ಇಳಿದರೆ ಹಿಂದಿನ ಸಾಲು ಡೋರಿಗೆ ಬಂದು ಗುದ್ದುತ್ತಿತ್ತು. ಎರಡು ಹಗ್ಗ ಹೆಚ್ಚಿಗೆ ಕಟ್ಟಿ ಸುಧಾರಿಸಿದೆ. ವರ್ಷ ಕಳೆದ ಮೇಲೆ ಒಂದು ದಿನ ಮೂಲೆಯಲ್ಲಿ ಹಸಿರು ಕಂಡಿತು. ಬಗ್ಗಿ ನೋಡಿದರೆ ಲೈನರ್ ಅಂಚಿನ ಸಂದಿಯಿಂದ ಎರಡು ಇಂಚಿನ ಟೊಮೆಟೊ ಸಸಿ, ಬಿಳಚಿಕೊಂಡು, ಬೆಳಕಿನ ಕಡೆ ಕತ್ತು ಚಾಚಿತ್ತು. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಸ್ಕ್ರೂ ಬಿಚ್ಚಿ ಎತ್ತಿದೆವು. ಕೆಳಗೆ ಬೆರಳು ದಪ್ಪ ಕೆಸರು, ಕೊಳೆತ ರಸದ ನಾತ, ಮತ್ತೆ ತುಕ್ಕು. ಸ್ಕ್ರೂ ಡ್ರೈವರ್ ತುದಿಯಲ್ಲಿ ತಟ್ಟಿದರೆ ಎರಡು ಕಡೆ ಆಚೆಯ ನೆಲ ಕಾಣಿಸಿತು.

ಯಾಕೆ ಹೀಗಾಯಿತು ಅಂದರೆ, ಆ ಪ್ಲಾಸ್ಟಿಕ್ ನೀರನ್ನು ತಡೆಯಲ್ಲ, ಬಚ್ಚಿಡುತ್ತೆ. ಗಾಡಿ ಅಲುಗಿದಾಗಲೆಲ್ಲ ಅಡಿಯ ಮರಳು ಬಣ್ಣವನ್ನು ತೇಯುತ್ತೆ. ಸ್ಕ್ರೂ ಹೊಡೆದ ಪ್ರತಿ ತೂತೂ ತುಕ್ಕಿಗೆ ಒಂದೊಂದು ಬಾಗಿಲು. ಟೊಮೆಟೊ ರಸ ಹುಳಿ, ಮಾವಿನ ಸೊನೆಯೂ ಬಣ್ಣಕ್ಕೆ ಒಳ್ಳೆಯದಲ್ಲ. ಎಲ್ಲಕ್ಕಿಂತ ಕೆಟ್ಟದ್ದು ಪೊಟ್ಯಾಷ್. ನಾವು ಹೊಲಕ್ಕೆ ಹಾಕೋ ಕೆಂಪು ಪೊಟ್ಯಾಷ್ ಒಂದು ಬಗೆಯ ಉಪ್ಪೇ, ಪೊಟ್ಯಾಸಿಯಂ ಕ್ಲೋರೈಡ್. ಚೀಲ ಹರಿದು ಒಂದು ಹಿಡಿ ಚೆಲ್ಲಿ, ಮೇಲೆ ನೀರು ಬಿತ್ತು ಅಂದರೆ ಕಬ್ಬಿಣದ ಕಥೆ ಮುಗಿಯಿತು.

ಎರಡನೇ ಸಲ ಎಲ್ಲ ಕಡೆ ವಿಚಾರಿಸಿದೆ. ಹಸು ಮಲಗಿಸೋ ರಬ್ಬರ್ ಮ್ಯಾಟ್ ಹಾಕು ಅಂದರು. ಕ್ರೇಟ್ ಜಾರಲ್ಲ ನಿಜ, ಆದರೆ ಪ್ರತಿ ವಾರ ಎತ್ತಿ ಅಡಿಯಲ್ಲಿ ತೊಳೆಯದಿದ್ದರೆ ಪ್ಲಾಸ್ಟಿಕ್‌ನದೇ ಕಥೆ, ಎತ್ತೋಕೆ ಇಬ್ಬರು ಬೇಕು. ಚೆಕ್ಕರ್ ಪ್ಲೇಟ್ ಹಾಕಿಸೋಣ ಅಂದರೆ 3 ಎಂಎಂ ಕಬ್ಬಿಣದ ಶೀಟು ನಮ್ಮ ಬಾಡಿಯ ಅಳತೆಗೆ ನೂರು ಕಿಲೋ ದಾಟುತ್ತೆ. ನಮ್ಮ ಮಾರ್ಕೆಟ್ಟಲ್ಲಿ ಬಾಕ್ಸ್ ಅಂದರೆ 15 ಕಿಲೋ. ಏಳು ಬಾಕ್ಸ್ ತೂಕವನ್ನು ವರ್ಷವಿಡೀ ಸುಮ್ನೆ ಹೊತ್ತು ತಿರುಗಿದ ಹಾಗೆ. ಬೆಂಗಳೂರಿನ ಕಡೆ ಒಂದು ವರ್ಕ್‌ಶಾಪ್‌ನಲ್ಲಿ ಮೆಷಿನ್‌ನಿಂದ ಪಾಲಿಯೂರಿಯಾ ಅನ್ನೋ ಕೋಟಿಂಗ್ ಹೊಡೆಯುತ್ತಾರೆ. ಬಿಸಿ ಮಾಡಿ ಜೋರು ಒತ್ತಡದಲ್ಲಿ ಹೊಡೆಯೋದು, ಬಿದ್ದ ಕೆಲವೇ ಸೆಕೆಂಡಿಗೆ ಗಟ್ಟಿಯಾಗುತ್ತೆ, ದಪ್ಪವೂ ಚೆನ್ನಾಗಿ ಬರುತ್ತೆ. ನಿಜ ಹೇಳಬೇಕು ಅಂದರೆ ಅದೇ ಒಳ್ಳೆಯ ಕೆಲಸ. 28,000 ಕೇಳಿದರು. ಕೈಯಲ್ಲಿ ಹೊಡೆಯೋ ಕಿಟ್ 4 ಲೀಟರಿಗೆ 11,000. ಅದನ್ನೇ ತರಿಸಿದೆ.

ಈ ಸಲ ಮೇಸ್ತ್ರಿಯನ್ನು ಮೊದಲೇ ಕೇಳಿಕೊಂಡೆ. ಬಣ್ಣ ಬಳಿಯೋದು ಅರ್ಧ ದಿನ, ಉಜ್ಜೋದು ಎರಡು ದಿನ ಅಂತ ಇಟ್ಟುಕೋ ಅಂದರು. ನಮಗೆ ಎರಡೂವರೆ ಹಿಡಿಯಿತು. ತೂತಾದ ಕಡೆ ಟಿಂಕರಿಂಗ್‌ನಲ್ಲಿ ತಗಡು ವೆಲ್ಡ್ ಮಾಡಿಸಿದೆ. ಗ್ರೈಂಡರ್‌ಗೆ ವೈರ್ ಬ್ರಷ್ ಹಾಕಿ ತುಕ್ಕು ಕಿತ್ತು, ಗುಂಡಿಗಳಲ್ಲಿ ಉಳಿದದ್ದಕ್ಕೆ ರಸ್ಟ್ ಕನ್ವರ್ಟರ್ ಬಳಿದು, ಅದು ಕಪ್ಪಾಗಿ ಒಣಗಿದ ಮೇಲೆ ಎಪಾಕ್ಸಿ ಪ್ರೈಮರ್. ಚೆನ್ನಾಗಿದ್ದ ಬಣ್ಣವನ್ನು ಕೀಳಬೇಕಿಲ್ಲ, ಆದರೆ 80 ನಂಬರ್ ಉಪ್ಪುಕಾಗದದಲ್ಲಿ ಒಂದಂಗುಲ ಬಿಡದೆ ಉಜ್ಜಬೇಕು. ಎಲ್ಲಿ ಹೊಳೆಯುತ್ತೋ ಅಲ್ಲಿ ಕೋಟಿಂಗ್ ಹಿಡಿಯೋಕೆ ಏನೂ ಇಲ್ಲ ಅಂತ ಅರ್ಥ. ಆಮೇಲೆ ಸೋಪಿನಲ್ಲಿ ತೊಳೆದು, ಬಿಸಿಲಿಗೆ ಬಿಟ್ಟು, ಬಿಳಿ ಬಟ್ಟೆಗೆ ತಿನ್ನರ್ ಹಾಕಿ ಒರೆಸಿದೆವು. ಹಳೆಯ ಲುಂಗಿ ಪೂರ್ತಿ ಮುಗಿಯಿತು. ಕೊನೆಯ ತುಂಡು ಬೆಳ್ಳಗೆ ಬಂದ ಮೇಲೆಯೇ ಡಬ್ಬ ತೆರೆದದ್ದು.

ಒಂದು ವಿಷಯಕ್ಕೆ ಹುಡುಗಾಟ ಬೇಡ. ಇದರ ಹಾರ್ಡನರ್‌ನಲ್ಲಿ (ಕಲಸಿದಾಗ ಗಟ್ಟಿ ಮಾಡೋ ಎರಡನೇ ಡಬ್ಬ) ಐಸೊಸಯನೇಟ್ ಅನ್ನೋ ರಾಸಾಯನಿಕ ಇರುತ್ತೆ, ಎದೆಗೆ ಕೆಟ್ಟದ್ದು. ಒಮ್ಮೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ವಾಸನೆ ಬಂದರೂ ಉಬ್ಬಸ ಬರಬಹುದು. ಬಟ್ಟೆ ಮಾಸ್ಕ್, ಟವೆಲ್ ಕಟ್ಟಿಕೊಳ್ಳೋದು ಯಾವುದಕ್ಕೂ ಆಗಲ್ಲ. ಕಾರ್ಟ್ರಿಜ್ ಇರೋ ಮಾಸ್ಕ್, ಕೈಗೆ ಗ್ಲೌಸ್, ಬಯಲು ಜಾಗ. ಸ್ಪ್ರೇಗಿಂತ ರೋಲರ್ ಆರಿಸಿದ್ದಕ್ಕೆ ಇದೂ ಒಂದು ಕಾರಣ, ಗಾಳಿಯಲ್ಲಿ ಮಂಜು ಏಳಲ್ಲ.

ಇಷ್ಟೆಲ್ಲ ಮಾಡಿಯೂ ತಪ್ಪಾಯಿತು. ಮೊದಲ ಕೈ ಚೆನ್ನಾಗಿ ಬಂತು. ಎರಡನೇ ಕೈಗೆ ಒಂದು ಲೀಟರ್ ಆಗಲೇ ಕಲಸಿಟ್ಟಿದ್ದೆವು, ಅಷ್ಟರಲ್ಲಿ ಊಟಕ್ಕೆ ಕರೆದರು. ಬಿಸಿ ಮುದ್ದೆ, ಬಸ್ಸಾರು. ತಿಂದು ಬರುವಷ್ಟರಲ್ಲಿ ಡಬ್ಬ ಮುಟ್ಟಲಾಗದಷ್ಟು ಸುಡುತ್ತಿತ್ತು, ಒಳಗೂ ಮುದ್ದೆಯಾಗಿತ್ತು. ಕಲಸಿದ ಕೋಲು ಅದರಲ್ಲೇ ನೆಟ್ಟಗೆ ನಿಂತಿತ್ತು. ಇನ್ನೊಂದು ಲೀಟರಿಗೆ 3,000 ದಂಡ, ಅದು ಬರುವವರೆಗೆ ನಾಲ್ಕು ದಿನ ಗಾಡಿ ನಿಂತಿತು. ಮೊದಲ ಕೈ ಅಷ್ಟರಲ್ಲಿ ಪೂರ್ತಿ ಗಟ್ಟಿಯಾಗಿದ್ದರಿಂದ ಮತ್ತೆ ಉಜ್ಜಿಯೇ ಬಳಿಯಬೇಕಾಯಿತು. ಇನ್ನೊಂದು: ಬಾಡಿಯ ನೀರು ಹೋಗೋ ತೂತುಗಳನ್ನು ಬಾಮೈದ ನೀಟಾಗಿ ಮುಚ್ಚಿಬಿಟ್ಟಿದ್ದ. ಮೊದಲ ಸಲ ತೊಳೆದಾಗ ಕೆರೆಯಾಯಿತು. ಡ್ರಿಲ್ ಹಾಕಿ ಬಿಡಿಸಿ, ಅಂಚಿಗೆ ಮತ್ತೆ ಬಳಿದೆ. ಬೋಲ್ಟ್ ತಲೆಗಳ ಮೇಲೂ ಬಳಿದಿದ್ದೇವೆ, ಮುಂದೆ ಬಾಡಿ ಬಿಚ್ಚೋ ಮೆಕ್ಯಾನಿಕ್ ನಮ್ಮನ್ನು ಬೈಯುತ್ತಾನೆ, ಬೈಯಲಿ.

ಈಗ ಬಳಕೆಯ ವಿಚಾರ. ಹೊಡೆದ ಐದೇ ತಿಂಗಳಿಗೆ, 2023ರ ಜುಲೈನಲ್ಲಿ, ಬಾಕ್ಸ್ ಟೊಮೆಟೊ 2,000 ರೂಪಾಯಿ ದಾಟಿತು. ಆಗ ಒಂದೊಂದು ಹಣ್ಣಿಗೂ ಲೆಕ್ಕ. ಪ್ಲಾಸ್ಟಿಕ್ ಲೈನರ್ ಇದ್ದಾಗ ಡೋರಿಗೆ ಗುದ್ದಿ ಹಿಂದಿನ ಸಾಲಿನಲ್ಲಿ ದಿನವೂ ನಾಲ್ಕು ಹಣ್ಣು ಜಜ್ಜುತ್ತಿದ್ದವು, ಈಗ ಕ್ರೇಟ್ ಇಟ್ಟಲ್ಲೇ ಕೂರುತ್ತೆ. ಆ ಒಂದು ಸೀಸನ್ನಿಗೇ ಕೋಟಿಂಗ್ ದುಡ್ಡು ಹುಟ್ಟಿತು ಅಂತ ನನ್ನ ಲೆಕ್ಕ. ನೆಲದಲ್ಲಿ ಇವತ್ತಿಗೂ ತುಕ್ಕಿಲ್ಲ. ಕ್ರೇಟ್ ಎಳೆದ ಗೀರುಗಳಿವೆ, ಆದರೆ ಕಬ್ಬಿಣ ಕಂಡಿಲ್ಲ. ಸದ್ದೂ ಕಮ್ಮಿ, ಖಾಲಿ ಗಾಡಿ ಬರುವಾಗ ಮೊದಲಿನ ಹಾಗೆ ತಗಡಿನ ತಮಟೆ ಬಾರಿಸಲ್ಲ.

ಬೇಜಾರಿನ ಸಂಗತಿಗಳೂ ಇವೆ. ಮೈ ಒರಟು, ಅದಕ್ಕೇ ಕ್ರೇಟ್ ನಿಲ್ಲೋದು, ಆದರೆ ಅದಕ್ಕೇ ಗೊಬ್ಬರದ ಚೀಲವೂ ಜಾರಲ್ಲ. ಎಳೆದರೆ ಅಡಿ ಹರಿಯುತ್ತೆ, ಎತ್ತಿಯೇ ಇಡಬೇಕು. ಹಮಾಲಿ ಅಣ್ಣಂದಿರು ಮೊಣಕಾಲೂರಿ ಲೋಡ್ ಮಾಡುವಾಗ ಚರ್ಮ ಕೀಳುತ್ತೆ ಅಂತ ಗೊಣಗುತ್ತಾರೆ, ಒಂದು ಗೋಣಿ ಹಾಸಿಕೊಡುತ್ತೇನೆ. ಟೊಮೆಟೊ ಬೀಜ, ಸೊನೆಗೆ ಅಂಟಿದ ಧೂಳು ಪೊರಕೆಗೆ ಬರಲ್ಲ, ಪ್ರೆಷರ್ ಪಂಪೇ ಬೇಕು. ಕಪ್ಪು ಬಣ್ಣ ವರ್ಷದೊಳಗೆ ಬೂದು ತಿರುಗಿತು. ಅಗ್ಗದ ಪಾಲಿಯುರೆಥೇನ್ ಬಿಸಿಲಿಗೆ ಹೀಗೇ ಮಂಕಾಗುತ್ತೆ, ಬಿಸಿಲು ತಡೆಯೋ ಜಾತಿ ಬೇಕಾದರೆ ದುಡ್ಡು ಜಾಸ್ತಿ. ಟೊಮೆಟೊ ಗಾಡಿಗೆ ಅಂದ ಯಾರಿಗೆ ಬೇಕು, ನಾನು ತಲೆ ಕೆಡಿಸಿಕೊಂಡಿಲ್ಲ. ಆದರೆ ಮೇ ತಿಂಗಳಲ್ಲಿ ನೆಲ ಕಾಯುತ್ತೆ. ಮಾವು ಹಾಕುವಾಗ ಅಡಿಗೆ ಒಣ ಹುಲ್ಲು ದಪ್ಪಗೆ ಹಾಸಬೇಕು.

ಕೋಟಿಂಗ್ ಎದ್ದಿರೋದು ಒಂದೇ ಕಡೆ, ಹಿಂದಿನ ಡೋರಿನ ಅಂಚು. ಮಾಸ್ಕಿಂಗ್ ಟೇಪನ್ನು ಕೋಟಿಂಗ್ ಹಸಿ ಇರುವಾಗಲೇ ಕೀಳಬೇಕಿತ್ತು. ನಾವು ಬೆಳಗ್ಗೆ ಕಿತ್ತೆವು, ಗಟ್ಟಿಯಾದ ಕೋಟಿಂಗ್ ಟೇಪಿನ ಜೊತೆ ಹರಿದು ಬಂತು. ಆ ಹರುಕು ಅಂಚಿನಿಂದ ನೀರು ಒಳಗೆ ಹೋಗಿ ಈಗ ಅಂಗೈ ಅಗಲ ಎದ್ದಿದೆ. ಡೋರಿನ ಕೀಲಿನ ಹತ್ತಿರ ಉಜ್ಜೋಕೆ ಕೈ ಹೋಗಲ್ಲ ಅಂತ ಬಿಟ್ಟಿದ್ದ ಜಾಗವೂ ಅದರ ಪಕ್ಕದಲ್ಲೇ ಇದೆ, ಅದು ಉಗುರು ಹಾಕಿದರೆ ಸಿಪ್ಪೆ ಬರುವ ಹಾಗೆ ಬರುತ್ತೆ.

ನಿಮ್ಮದು ಹೊಸ ಗಾಡಿ, ಕೈಯಲ್ಲಿ ದುಡ್ಡಿದೆ ಅಂದರೆ ಮೆಷಿನ್ ಸ್ಪ್ರೇಗೇ ಹೋಗಿ. ಹಳೆಯ ಗಾಡಿ, ಮೂರು ದಿನ ಉಜ್ಜೋ ತಾಳ್ಮೆ ಇದೆ ಅಂದರೆ ಈ ಕಿಟ್ ಸಾಕು, 5ಕ್ಕೆ 4 ಕೊಡುತ್ತೇನೆ. ತುಕ್ಕು ಮುಚ್ಚೋಕೆ ಮಾತ್ರ ತಗೋಬೇಡಿ. ಪ್ಲಾಸ್ಟಿಕ್ ತೊಟ್ಟಿಯನ್ನು ಬಿಟ್ಟಿ ಕೊಟ್ಟರೂ ನನಗೆ ಬೇಡ. ನಮ್ಮದು ಈಗ ಕುರಿಗೆ ನೀರು ಕುಡಿಸೋಕೆ ಬಳಕೆಯಾಗುತ್ತಿದೆ.

2026ರ ಜನವರಿಗೆ ಗಾಡಿಗೆ 8 ವರ್ಷ ತುಂಬುತ್ತೆ, ಆಮೇಲೆ ಎಫ್‌ಸಿ ವರ್ಷ ವರ್ಷ. ಅದಕ್ಕೆ ಮುಂಚೆ ಡೋರ್ ಬಿಚ್ಚಿ, ಎದ್ದದ್ದನ್ನು ಕೆರೆದು ಮತ್ತೆ ಬಳಿಯಬೇಕು, ಅರ್ಧ ಲೀಟರ್ ಸಾಕು. ಬಾಮೈದನಿಗೆ ಫೋನ್ ಮಾಡಿದ್ದೆ. ಬರ್ತೀನಿ ಅಂದ. "ಈ ಸಲ ಊಟ ಮಾಡ್ಕೊಂಡೇ ಕಲಸೋಣ ಭಾವ."