ರಾಜ್ಯಪಾಲರ ಗೋಡೆಪಟ: ಕೊಳ್ಳಬಹುದು, ಆದರೆ ತಿದ್ದಿಕೊಂಡು ತೂಗುಹಾಕಬೇಕು

ನಮ್ಮ ಪ್ರೌಢಶಾಲೆಯ ಸಮಾಜ ವಿಜ್ಞಾನ ಕೊಠಡಿಗೆಂದು ಕಳೆದ ತಿಂಗಳು ಬೆಂಗಳೂರಿನ ಅವೆನ್ಯೂ ರಸ್ತೆಯ ಅಂಗಡಿಯೊಂದರಿಂದ ಕರ್ನಾಟಕದ ರಾಜ್ಯಪಾಲರ ಗೋಡೆಪಟವೊಂದನ್ನು 180 ರೂಪಾಯಿ ಕೊಟ್ಟು ತಂದೆ. ಅಚ್ಚು ಹಾಕಿದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಪಟಗಳನ್ನು ಒಬ್ಬರದನ್ನು ನೋಡಿ ಇನ್ನೊಬ್ಬರು ಮಾಡುತ್ತಾರೆಂಬ ಅನುಮಾನ ನನಗಿರುವುದರಿಂದ ಒಬ್ಬರನ್ನೇ ದೂರುವುದು ನ್ಯಾಯವಲ್ಲ.

ಕಾಗದ ದಪ್ಪಗಿದೆ, ಮೇಲೂ ಕೆಳಗೂ ತಗಡಿನ ಪಟ್ಟಿಯಿದೆ, ಬಣ್ಣ ಹದವಾಗಿದೆ. ಪ್ರತಿ ಭಾವಚಿತ್ರದ ಕೆಳಗೆ ಹೆಸರು, ಅವಧಿ, ಅಂದಿನ ಮುಖ್ಯಮಂತ್ರಿ ಮತ್ತು ‘ವಿಶೇಷ’ ಎಂಬ ನಾಲ್ಕು ಸಾಲುಗಳಿವೆ. ಮುಖ್ಯಮಂತ್ರಿಯ ಹೆಸರನ್ನು ಜೊತೆಗೆ ಕೊಟ್ಟಿರುವುದು ಒಳ್ಳೆಯ ಆಲೋಚನೆ. ರಾಜ್ಯಪಾಲರ ಹೆಸರನ್ನು ಬರಿದೇ ಬಾಯಿಪಾಠ ಮಾಡಿಸಿದರೆ ಮಕ್ಕಳ ತಲೆಯಲ್ಲಿ ಅದು ವಾರವೂ ನಿಲ್ಲುವುದಿಲ್ಲ. ಲ್ಯಾಮಿನೇಷನ್ ಮಾತ್ರ ಅತಿಯಾಗಿ ಹೊಳೆಯುವುದರಿಂದ, ಟ್ಯೂಬ್‌ಲೈಟ್ ಹಾಕಿದೊಡನೆ ಹಿಂದಿನ ಬೆಂಚಿನವರಿಗೆ ಮೋಹನಲಾಲ್ ಸುಖಾಡಿಯಾ ಮತ್ತು ಉಮಾಶಂಕರ ದೀಕ್ಷಿತ್ ಇರುವ ಸಾಲು ಕಾಣದೆ ಹೋಗುತ್ತದೆ.

ನನ್ನ ನಿಜವಾದ ತಕರಾರು ಅವಧಿಯ ಸಾಲಿನ ಬಗ್ಗೆ. ದಿನಾಂಕ, ತಿಂಗಳು ಯಾವುದೂ ಇಲ್ಲದೆ ಇಸವಿಯನ್ನಷ್ಟೇ ಕೊಟ್ಟಿರುವುದರಿಂದ ಒಬ್ಬರು ಇಳಿದ ಕ್ಷಣಕ್ಕೆ ಇನ್ನೊಬ್ಬರು ಬಂದು ಕುಳಿತಂತೆ ಇಡೀ ಪಟ ಕಾಣುತ್ತದೆ. ಆರಂಭದಲ್ಲೇ ಜಯಚಾಮರಾಜೇಂದ್ರ ಒಡೆಯರ್ ಅವರ ಚಿತ್ರದಡಿ ‘ರಾಜ್ಯಪಾಲರು, 1950–1964’ ಎಂದಿದೆ. ಇದು ತಪ್ಪು. 1950ರ ಜನವರಿ 26ರಿಂದ ಅವರು ಮೈಸೂರಿನ ರಾಜಪ್ರಮುಖರಾಗಿದ್ದರು; ಹಳೆಯ ಸಂಸ್ಥಾನದ ಅರಸರೇ ರಾಜ್ಯದ ಮುಖ್ಯಸ್ಥರಾಗಿರುತ್ತಿದ್ದ ಹುದ್ದೆ ಅದು. ಸಂವಿಧಾನದ ಏಳನೆಯ ತಿದ್ದುಪಡಿ ಆ ಹುದ್ದೆಯನ್ನೇ ತೆಗೆದುಹಾಕಿ, 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯವಾದಾಗಲೇ ಅವರು ರಾಜ್ಯಪಾಲರಾದದ್ದು. ಚಿತ್ರದಲ್ಲಿರುವ ಪೇಟ ಎರಡೂ ಕಾಲಕ್ಕೆ ಒಂದೇ ಇರಬಹುದು, ಆದರೆ ಮಹಾರಾಜರಾಗಿದ್ದ ಕಾರಣಕ್ಕೆ ಬಂದ ಹುದ್ದೆಗೂ 155ನೆಯ ವಿಧಿಯಂತೆ ರಾಷ್ಟ್ರಪತಿಗಳ ನೇಮಕದಿಂದ ಬಂದ ಹುದ್ದೆಗೂ ಇರುವ ಅಂತರವನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಹೇಳದಿದ್ದರೆ ಇನ್ನು ಯಾರಿಗೆ ಹೇಳುವುದು? ಪಟದ ತಲೆಬರಹವೂ ಪೂರ್ತಿ ಸರಿಯಲ್ಲ: 1973ರ ನವೆಂಬರ್ 1ರವರೆಗೆ ರಾಜ್ಯದ ಹೆಸರು ಮೈಸೂರು ಎಂದೇ ಇದ್ದುದರಿಂದ, ಕರ್ನಾಟಕದ ರಾಜ್ಯಪಾಲರೆಂದು ಮೊದಲು ಕರೆಸಿಕೊಂಡವರು ಸುಖಾಡಿಯಾ.

1969ರ ಸಂಗತಿಯಂತೂ ನನಗೆ ಬಹಳ ಇಷ್ಟವಾದದ್ದು, ಪಟದವರು ಅದನ್ನು ಕೈಯಾರೆ ಕಳೆದುಕೊಂಡಿದ್ದಾರೆ. ವಿ.ವಿ. ಗಿರಿಯವರು 1965ರಿಂದ 1967ರವರೆಗೆ ಇಲ್ಲಿ ರಾಜ್ಯಪಾಲರಾಗಿದ್ದು, ಉಪರಾಷ್ಟ್ರಪತಿಯಾಗಿ ದೆಹಲಿಗೆ ಹೋದರು. ಅವರ ಜಾಗಕ್ಕೆ ಜಿ.ಎಸ್. ಪಾಠಕ್ ಬಂದರು. 1969ರ ಆಗಸ್ಟ್‌ನಲ್ಲಿ ಗಿರಿಯವರು ರಾಷ್ಟ್ರಪತಿಯಾದರು, ಅದೇ ತಿಂಗಳ ಕೊನೆಯಲ್ಲಿ ಪಾಠಕ್ ಉಪರಾಷ್ಟ್ರಪತಿಯಾದರು. ಮೈಸೂರು ರಾಜ್ಯದ ರಾಜಭವನದಲ್ಲಿ ಒಬ್ಬರ ಹಿಂದೊಬ್ಬರು ಇದ್ದವರು ದೇಶದ ಮೊದಲ ಎರಡು ಸ್ಥಾನಗಳಲ್ಲಿ ಹೀಗೆ ಒಟ್ಟಿಗೆ ಕುಳಿತದ್ದನ್ನು ಹೇಳಿದಾಗ ತರಗತಿಯಲ್ಲಿ ನಿದ್ದೆಗಣ್ಣಿನಲ್ಲಿದ್ದವರೂ ತಲೆಯೆತ್ತಿದರು. ಪಾಠಕ್ ಹೊರಟ ಮೇಲೆ ಧರ್ಮವೀರ ಅವರು ಅಕ್ಟೋಬರ್‌ನಲ್ಲಿ ಬರುವವರೆಗೆ ಹಂಗಾಮಿಯಾಗಿ ಹೊಣೆ ಹೊತ್ತವರು ನ್ಯಾಯಮೂರ್ತಿ ಎ.ಆರ್. ಸೋಮನಾಥ ಅಯ್ಯರ್. ಅವರ ಹೆಸರೇ ಪಟದಲ್ಲಿಲ್ಲ.

ಅದೇ ರೀತಿ 2014ರಲ್ಲಿ ಎಚ್.ಆರ್. ಭಾರದ್ವಾಜ್ ಜೂನ್ ಕೊನೆಗೆ ಇಳಿದು, ವಜುಭಾಯಿ ವಾಲಾ ಸೆಪ್ಟೆಂಬರ್ 1ರಂದು ಅಧಿಕಾರ ಸ್ವೀಕರಿಸುವವರೆಗಿನ ಎರಡು ತಿಂಗಳು ತಮಿಳುನಾಡಿನ ರಾಜ್ಯಪಾಲ ಕೆ. ರೋಸಯ್ಯನವರಿಗೆ ಹೆಚ್ಚುವರಿ ಹೊಣೆಯಿತ್ತು. ಒಬ್ಬರೇ ಎರಡು ರಾಜ್ಯಗಳಿಗೆ ರಾಜ್ಯಪಾಲರಾಗಬಹುದೆಂಬ ಮಾತು ಸಂವಿಧಾನಕ್ಕೆ ಸೇರಿದ್ದು ರಾಜಪ್ರಮುಖರನ್ನು ತೆಗೆದ ಅದೇ ಏಳನೆಯ ತಿದ್ದುಪಡಿಯಿಂದ. ಪಟದ ಮೊದಲ ಚೌಕಕ್ಕೂ ಕೊನೆಯ ಸಾಲಿಗೂ ಇಂಥ ನಂಟಿದೆ, ತೋರಿಸಲು ದಿನಾಂಕಗಳು ಬೇಕಿದ್ದವು.

ನಾನು ಹೊಗಳಿದ ಮುಖ್ಯಮಂತ್ರಿಯ ಸಾಲಿನಲ್ಲೂ ಎಡವಟ್ಟಿದೆ. ಧರ್ಮವೀರ ಅವರ ಕೆಳಗೆ ವೀರೇಂದ್ರ ಪಾಟೀಲ, ಸುಖಾಡಿಯಾ ಅವರ ಕೆಳಗೆ ದೇವರಾಜ ಅರಸು ಎಂದಿದೆ. ನಡುವೆ 1971ರ ಮಾರ್ಚ್‌ನಿಂದ ಮರುವರ್ಷದ ಮಾರ್ಚ್‌ವರೆಗೆ ರಾಷ್ಟ್ರಪತಿ ಆಳ್ವಿಕೆಯಿತ್ತು, ಅಂದರೆ ರಾಜ್ಯಪಾಲರ ಕೈಗೇ ಆಡಳಿತ ಬಂದಿತ್ತು. ಆ ಆಳ್ವಿಕೆಯ ನಡುವೆಯೇ, 1972ರ ಫೆಬ್ರುವರಿಯಲ್ಲಿ, ಧರ್ಮವೀರ ಹೋಗಿ ಸುಖಾಡಿಯಾ ಬಂದರು.

‘ವಿಶೇಷ’ದ ಸಾಲು ಇನ್ನೂ ಬಡವಾಗಿದೆ. ವಿ.ಎಸ್. ರಮಾದೇವಿಯವರಿಗೆ ರಾಜ್ಯದ ಮೊದಲ ಮಹಿಳಾ ರಾಜ್ಯಪಾಲರು ಎಂದು ಬರೆದದ್ದು ಸರಿ, ಅದಕ್ಕೂ ಮೊದಲು ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದುದನ್ನೂ ಸೇರಿಸಬಹುದಿತ್ತು. ಪಿ. ವೆಂಕಟಸುಬ್ಬಯ್ಯನವರ ಕೆಳಗೆ ‘ಆಂಧ್ರಪ್ರದೇಶದವರು’ ಎಂದಷ್ಟೇ ಇದೆ! 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸದನದಲ್ಲಿ ಬಹುಮತ ತೋರಿಸುತ್ತೇನೆಂದರೂ ಅವಕಾಶವಾಗದೆ, ಈ ರಾಜ್ಯಪಾಲರ ವರದಿಯ ಮೇಲೆ ಸರ್ಕಾರ ವಜಾ ಆಯಿತು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದ ಪರೀಕ್ಷೆ ನಡೆಯಬೇಕಾದದ್ದು ಸದನದಲ್ಲಿಯೇ ಎಂದಿತು. 2018ರಲ್ಲಿ ಯಡಿಯೂರಪ್ಪನವರಿಗೆ ವಜುಭಾಯಿ ವಾಲಾ ಕೊಟ್ಟಿದ್ದ ಹದಿನೈದು ದಿನಗಳನ್ನು ಕೋರ್ಟು ಕಡಿತಗೊಳಿಸಿ ಮೇ 19ಕ್ಕೇ ವಿಶ್ವಾಸಮತ ಗೊತ್ತುಮಾಡಿದಾಗಲೂ ಎಲ್ಲರ ಬಾಯಲ್ಲಿದ್ದದ್ದು ಬೊಮ್ಮಾಯಿ ಪ್ರಕರಣವೇ.

ಇಷ್ಟೆಲ್ಲ ಹೇಳಿಯೂ ಪಟವನ್ನು ಹಿಂದಿರುಗಿಸಿಲ್ಲ. ಭಾವಚಿತ್ರಗಳು ಸ್ಪಷ್ಟವಾಗಿವೆ, ಕ್ರಮ ಎಲ್ಲೂ ಹಿಂದುಮುಂದಾಗಿಲ್ಲ, ಈ ಬೆಲೆಗೆ ಇಷ್ಟು ದೊಡ್ಡ ಪಟ ಸಿಗುವುದು ಕಷ್ಟ. ಬಿಳಿ ಚೀಟಿಗಳ ಮೇಲೆ ದಿನಾಂಕಗಳನ್ನು ಬರೆಸಿ, ಅಯ್ಯರ್ ಮತ್ತು ರೋಸಯ್ಯನವರಿಗೆ ಪಕ್ಕದ ಅಂಚಿನಲ್ಲಿ ಜಾಗ ಮಾಡಿಸಿ, ಮಕ್ಕಳ ಕೈಯಲ್ಲೇ ಅಂಟಿಸಿದೆ. ಥಾವರ್‌ಚಂದ್ ಗೆಹ್ಲೋಟ್ ಅವರ ನಂತರ ಒಂದೇ ಒಂದು ಖಾಲಿ ಚೌಕ ಬಿಟ್ಟಿದ್ದಾರೆ. ಕೊಳ್ಳುವವರು ಅಂಗಡಿಯಲ್ಲಿ ಪಟವನ್ನು ಅಡ್ಡಕ್ಕೆ ಮಡಚಲು ಬಿಡದೆ ಸುತ್ತಿಸಿಕೊಳ್ಳುವುದು ಲೇಸು; ನಮ್ಮದರಲ್ಲಿ ಮಡಿಕೆ ಖುರ್ಷಿದ್ ಆಲಂ ಖಾನ್ ಅವರ ಮೂಗಿನ ಮೇಲೇ ಬಿದ್ದಿದೆ.