ಬಾಲೂ ತಮ್ಮ 2: ಬೋರ್ಡಿಗೆ ಸೈ, ಬಿಲ್ಲಿಗಲ್ಲ

ದಪ್ಪ ಕನ್ನಡ ಅಕ್ಷರ ಬೇಕಾದಾಗ ಸಾಮಾನ್ಯವಾಗಿ ನಡೆಯುವುದು ಇಷ್ಟೇ: ಕೈಗೆ ಸಿಕ್ಕ ಫಾಂಟಿಗೆ ಬೋಲ್ಡ್ ಒತ್ತುವುದು, ಅದೂ ಸಾಲದಿದ್ದರೆ ಸುತ್ತ ಔಟ್‌ಲೈನ್ ಹಚ್ಚುವುದು. ಆಗ ಅಕ್ಷರದ ಹೊಟ್ಟೆಯೊಳಗಿನ ಬಿಳಿ ಜಾಗ ಮುಚ್ಚಿ, ಒತ್ತಕ್ಷರವೆಲ್ಲ ಕಪ್ಪು ಉಂಡೆಯಾಗುತ್ತದೆ. ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ತಂಡದ ಕನ್ನಡ ಫಾಂಟ್ ಬಾಲೂ ತಮ್ಮ ಗೆಲ್ಲುವುದು ಇಲ್ಲೇ. ದಪ್ಪವನ್ನು ಮೊದಲೇ ಲೆಕ್ಕ ಹಾಕಿ ಬರೆದ ಅಕ್ಷರಗಳಿವು. ಮೂಲೆ ಮೆದು, ಮೈ ತುಂಬು, ಕರಡಿಮರಿಯ ಗತ್ತು. ತಮಿಳಿನ ಬಾಲೂ ತಂಬಿ, ತೆಲುಗಿನ ಬಾಲೂ ತಮ್ಮುಡು ಇದರ ಒಡಹುಟ್ಟುಗಳು. ಮೊದಲು ಒಂದೇ ದಪ್ಪದಲ್ಲಿ ಬಂದಿತ್ತು. 'ಬಾಲೂ ತಮ್ಮ 2'ರಲ್ಲಿ 400ರಿಂದ 800ರವರೆಗೆ ಐದು ದಪ್ಪಗಳಿವೆ. ಇಂಗ್ಲಿಷ್ ಅಕ್ಷರಗಳೂ ಅದೇ ಕೈಯ ಬರಹದಂತಿರುವುದರಿಂದ ಎರಡು ಭಾಷೆಯ ಬೋರ್ಡಿಗೆ ಬೇರೆ ಫಾಂಟ್ ಹುಡುಕಬೇಕಿಲ್ಲ.

ಅಂಗಡಿ ಬೋರ್ಡು, ತಿಂಡಿ ಪೊಟ್ಟಣ, ಮಕ್ಕಳ ಪುಸ್ತಕದ ಮುಖಪುಟ, ಯೂಟ್ಯೂಬ್ ಥಂಬ್‌ನೇಲ್ ಇದರ ಜಾಗ. ಶ್ರದ್ಧಾಂಜಲಿಗೆ ಬೇಡವೇ ಬೇಡ. 800ರ ದಪ್ಪವನ್ನು ಸಣ್ಣ ಅಳತೆಯಲ್ಲಿ ಅಚ್ಚು ಹಾಕಿದರೆ ಮೊದಲು ಕೈಕೊಡುವುದು ಮಹಾಪ್ರಾಣದ ಸೀಳು. ಶಾಯಿ ಹರಡಿ ಸೀಳು ಮುಚ್ಚಿತೆಂದರೆ 'ಧನ' ಹೋಗಿ 'ದನ' ಆಗುತ್ತದೆ! ಚಿಕ್ಕ ಸಾಲುಗಳಿಗೆ 500 ಸಾಕು. ಬಿಲ್ಲು, ಕರಪತ್ರದ ಒಳಬರಹಕ್ಕೆ ಬೇರೆ ಫಾಂಟನ್ನೇ ಬಳಸಿ.

ಎರಡು ಸಾಲಿನ ಶೀರ್ಷಿಕೆಯಲ್ಲಿ ಅಂತರವನ್ನು ತೀರಾ ಬಿಗಿ ಮಾಡಬೇಡಿ. 'ರಾಷ್ಟ್ರ', 'ಸ್ತ್ರೀ' ಪದಗಳಲ್ಲಿ ಎರಡೆರಡು ಒತ್ತು ಕೆಳಗಿಳಿದು ಮುಂದಿನ ಸಾಲಿನ ಗುಡಿಸಿಗೆ ತಾಗುತ್ತವೆ. ಸಾಲು ಎಲ್ಲಿ ಮುರಿಯಬೇಕೆಂದು ನೋಡಿದರೆ ಅರ್ಧ ತೊಂದರೆ ಅಲ್ಲೇ ತೀರುತ್ತದೆ. ಔಟ್‌ಲೈನ್ ಬೇಕೇ ಬೇಕೆಂದರೆ ಬಣ್ಣದ ಹಿಂದೆ ಇಡಿ, ಮೂಲೆಯ ಜೋಡಣೆಯನ್ನು ದುಂಡಗೆ ಮಾಡಿ. ಚೂಪು ಮೂಲೆ ಈ ಅಕ್ಷರಗಳ ಸ್ವಭಾವವನ್ನೇ ಕೆಡಿಸುತ್ತದೆ.

ಫಾಂಟಿನ ಮೇಲೆ ಹೊರಿಸುವ ದೂರುಗಳಲ್ಲಿ ಹಲವು ಅದರ ತಪ್ಪೇ ಅಲ್ಲ. 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಬರಹಕ್ಕೆ (ಇಂಗ್ಲಿಷ್ ಅಕ್ಷರಗಳ ಸಂಕೇತದಲ್ಲೇ ಕನ್ನಡ ಉಳಿಸಿದ ಬರಹ) ಇದನ್ನು ಹಚ್ಚಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಮೊದಲು ಯೂನಿಕೋಡಿಗೆ, ಅಂದರೆ ಪ್ರತಿ ಲಿಪಿಗೂ ತನ್ನದೇ ಸಂಕೇತವಿರುವ ಪದ್ಧತಿಗೆ, ಪರಿವರ್ತಿಸಬೇಕು. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ. ಹಳೆಯ ತಂತ್ರಾಂಶದಲ್ಲಿ ಒಂದೇ ದಪ್ಪ ಕಂಡರೆ ಎಲ್ಲ ದಪ್ಪಗಳೂ ಒಂದರಲ್ಲೇ ಇರುವ ವೇರಿಯಬಲ್ ಫೈಲ್ ತೆಗೆದು, ಗೂಗಲ್ ಫಾಂಟ್ಸ್‌ನ ಜಿಪ್‌ನೊಳಗಿನ ಸ್ಟ್ಯಾಟಿಕ್ ಫೋಲ್ಡರಿನ ಫೈಲುಗಳನ್ನು ಹಾಕಿಕೊಳ್ಳಿ. 'ರ‍್ಯಾಲಿ' ಎಂದು ಬರೆಯಹೋಗಿ ಅರ್ಕಾವತ್ತು ಬಂದರೆ, ರಕಾರಕ್ಕೂ ಹಲಂತಕ್ಕೂ ನಡುವೆ ಜೀರೋ ವಿಡ್ತ್ ಜಾಯಿನರ್ ಎಂಬ ಕಣ್ಣಿಗೆ ಕಾಣದ ಸಂಕೇತ ಸೇರಿಸಬೇಕು.

ಬೆಲೆ ಸೊನ್ನೆ. ಓಪನ್ ಫಾಂಟ್ ಲೈಸೆನ್ಸ್ ಇರುವುದರಿಂದ ಮಾರಾಟದ ಪೊಟ್ಟಣದ ಮೇಲೂ ಧೈರ್ಯವಾಗಿ ಬಳಸಬಹುದು, ಫಾಂಟನ್ನಷ್ಟೇ ಬಿಡಿಯಾಗಿ ಮಾರುವಂತಿಲ್ಲ.